ಕಾರಿನ ಲೆಕ್ಕವೂ ತಾಳೆಯಾಯಿತು

ನಮ್ಮ ಹಳೇ ಕಾರು ಒಂದು ದಿನ ಸ್ಟಾರ್ಟ್ ಆದರೆ ಇನ್ನೊಂದು ದಿನ 'ಟಕ್' ಎಂದು ಸುಮ್ಮನಾಗುತ್ತಿತ್ತು. ನನ್ನಾಕೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ದಿನವೇ ಕೈಕೊಟ್ಟಿತು. "ಮಾರಿಬಿಡಿ ಅಪ್ಪಾ" ಎಂದ ಮಗ.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಲೆಡ್ಜರನ್ನೇ ಬಿಸಾಡುತ್ತಿದ್ದೆವೇ? ಮೊಮ್ಮಗಳಿಗೆ ನೋಟ್‌ಬುಕ್ ಕೊಟ್ಟೆ. ಹೊತ್ತು, ಸದ್ದು, ದೀಪದ ಬೆಳಕು ಎಲ್ಲ ಬರೆದಳು. ಎರಡು ವಾರದಲ್ಲಿ ಗುಟ್ಟು ತಿಳಿಯಿತು: ಕಾರು ಮೊಂಡು ಹಿಡಿದಾಗಲೆಲ್ಲ ಕೀ ತಿರುಗಿಸಿದೊಡನೆ ಹೆಡ್‌ಲೈಟ್ ಮಂಕಾಗುತ್ತಿತ್ತು.

ಮೆಕ್ಯಾನಿಕ್ ಮೀಟರ್ ಇಟ್ಟರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಪೂರ್ತಿ ಚಾರ್ಜು! ಕರೆಂಟಿಗೆ ದಾರಿಯಲ್ಲೇ ತಡೆ. ಟರ್ಮಿನಲ್ ಮೇಲೆ ಬಿಳಿ ಹುಡಿ, ಕ್ಲಾಂಪ್ ಸಡಿಲ. ಅವರು ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ನೀರಿನಿಂದ ಉಜ್ಜಿ, ಒಣಗಿಸಿ ಬಿಗಿ ಮಾಡಿದರು. ಮಕ್ಕಳೇ, ಆ ಹುಡಿ ಮುಟ್ಟಬೇಡಿ, ಕೈ ಉರಿಯುತ್ತದೆ.

ಮೊನ್ನೆ ನನ್ನಾಕೆ ಅದೇ ಕಾರಿನಲ್ಲಿ ಹೋಗಿ ಹೊಸ ಕನ್ನಡಕ ತಂದಳು.