ಕಪ್ ಕಾಫಿಗೆ ಒಂಬತ್ತು ಪೈಸೆ ಸಮುದ್ರ

1954ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಧಕ್ಕೆಯಿಂದ ಜರ್ಮನಿಯ ಬ್ರೆಮರ್‌ಹಾವೆನ್ ಬಂದರಿಗೆ ‘ವಾರಿಯರ್’ ಎಂಬ ಸರಕು ಹಡಗು ಹೊರಟಿತು. ಆ ಕಾಲಕ್ಕೂ ಅದು ಸಾಧಾರಣ ಹಡಗೇ. ಹೊತ್ತದ್ದು ಸುಮಾರು 5,000 ಟನ್ ಸರಕು. ಆದರೆ ಅದರೊಳಗೆ ಹೋದ ಪ್ರತಿಯೊಂದು ವಸ್ತುವನ್ನೂ ಸಂಶೋಧಕರು ಎಣಿಸಿ ಬರೆದಿಟ್ಟರು. ಮರದ ಪೆಟ್ಟಿಗೆ, ರಟ್ಟಿನ ಡಬ್ಬ, ಚೀಲ, ಪೀಪಾಯಿ, ಕಟ್ಟು, ಗಾಲಿಯ ವಾಹನ, ಎಲ್ಲ ಸೇರಿ 1,94,582 ವಸ್ತುಗಳು. ಅವು ಬಂದದ್ದು 151 ಊರುಗಳಿಂದ, 1,156 ಬೇರೆ ಬೇರೆ ರವಾನೆಗಳಾಗಿ.

ಈ ಒಂದೊಂದನ್ನೂ ಮನುಷ್ಯರು ಕೈಯಾರೆ ಮುಟ್ಟಿದರು. ಲಾರಿಯಿಂದಲೋ ರೈಲಿನಿಂದಲೋ ಇಳಿಸಿ ಗೋದಾಮಿಗೆ ಹಾಕಿದರು, ಗೋದಾಮಿನಿಂದ ಧಕ್ಕೆಗೆ ತಂದರು, ಧಕ್ಕೆಯಿಂದ ಹಡಗಿನ ತಳಕ್ಕೆ ಇಳಿಸಿ ಒಂದರ ಪಕ್ಕ ಒಂದು ಒತ್ತಿ ಜೋಡಿಸಿದರು. ಆಚೆ ದಡದಲ್ಲಿ ಇದೇ ಕೆಲಸ ಹಿಂದುಮುಂದಾಗಿ ನಡೆಯಿತು. ತುಂಬುವುದಕ್ಕೆ 6 ದಿನ ಹಿಡಿಯಿತು. ಇಳಿಸುವುದಕ್ಕೆ, ಹಗಲೂ ರಾತ್ರಿಯೂ ದುಡಿದು, 4 ದಿನ. ನಡುವಿನ ಅಟ್ಲಾಂಟಿಕ್ ಸಾಗರ ದಾಟಲು ಹತ್ತೂವರೆ ದಿನ. ಹಡಗು ಸಾಗಿದ ದಿನಗಳೂ ಧಕ್ಕೆಗೆ ಕಟ್ಟಿಹಾಕಿಕೊಂಡು ನಿಂತ ದಿನಗಳೂ ಹೆಚ್ಚುಕಡಿಮೆ ಸಮ. ಸರಕು ಒಳಗೆ ಹೊರಳಾಡದಂತೆ ಬಿಗಿಯಲು ಬಳಸಿದ ಹಲಗೆ ಮತ್ತು ಹಗ್ಗಕ್ಕೇ 5,031 ಡಾಲರ್ ಖರ್ಚಾಗಿತ್ತು.

ಒಟ್ಟು ಸಾಗಣೆ ವೆಚ್ಚ 2,37,577 ಡಾಲರ್. ಅದರಲ್ಲಿ ಸಾಗರ ದಾಟಿದ ಖರ್ಚಿನ ಪಾಲು ನೂರಕ್ಕೆ 11.5 ಮಾತ್ರ. ಎರಡು ಬಂದರುಗಳು ನುಂಗಿದ್ದು ನೂರಕ್ಕೆ 36.8. ಜಾಗತಿಕ ವ್ಯಾಪಾರದ ಕಥೆಯನ್ನು ನಾವು ಸಾಮಾನ್ಯವಾಗಿ ವೇಗದ ಕಥೆಯಾಗಿ ಓದುತ್ತೇವೆ: ಹಾಯಿ ಹೋಗಿ ಉಗಿ ಬಂತು, ಉಗಿ ಹೋಗಿ ಡೀಸೆಲ್ ಬಂತು ಎಂದು. ವಾರಿಯರ್‌ನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸಮುದ್ರ ಆಗಲೇ ಅಗ್ಗವಾಗಿತ್ತು. ದುಬಾರಿಯಾಗಿದ್ದದ್ದು ನೆಲವೂ ನೀರೂ ಸೇರುವ ಆ ಕೆಲವು ಮೀಟರ್ ಜಾಗ.

ಆ ಜಾಗದ ಬೆಲೆಯನ್ನು ಕೆಡವಿದವನು ಹಡಗಿನವನಲ್ಲ, ಲಾರಿ ಕಂಪನಿಯ ಮಾಲೀಕ. ಹೆಸರು ಮಾಲ್ಕಮ್ ಮೆಕ್ಲೀನ್. ಲಾರಿಯಲ್ಲಿರುವ ಸರಕನ್ನು ಬಿಚ್ಚಿ ಮತ್ತೆ ಕಟ್ಟುವ ಬದಲು ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿನ ಮೇಲೆ ಇಟ್ಟರಾಯಿತಲ್ಲ ಎಂಬುದು ಅವನ ಲೆಕ್ಕಾಚಾರ. 1956ರ ಏಪ್ರಿಲ್ 26ರಂದು, ಹಳೆಯ ತೈಲ ಹಡಗೊಂದನ್ನು ಮಾರ್ಪಡಿಸಿ ಮಾಡಿದ್ದ ‘ಐಡಿಯಲ್ ಎಕ್ಸ್’ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ನ್ಯೂಆರ್ಕ್‌ನಿಂದ ಹೂಸ್ಟನ್‌ಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ 5 ಡಾಲರ್ 80 ಸೆಂಟ್‌ಗೂ ಹೆಚ್ಚು ತಗಲುತ್ತಿತ್ತು. ಐಡಿಯಲ್ ಎಕ್ಸ್‌ಗೆ ತಗುಲಿದ್ದು ಟನ್ನಿಗೆ 16 ಸೆಂಟ್‌ಗಿಂತ ಕಡಿಮೆ. ಮೂವತ್ತಾರು ಪಟ್ಟು ಇಳಿಕೆ, ಅದೂ ಮೊದಲ ಯಾನದಲ್ಲೇ. ಉಗಿಯಂತ್ರಕ್ಕೂ ಹೀಗೆ ಒಂದೇ ಏಟಿಗೆ ಬೆಲೆ ಕೆಡವಲು ಆಗಿರಲಿಲ್ಲ.

ಕಂಟೈನರ್ ಎಂದು ಹೆಸರಾದ ಈ ಪೆಟ್ಟಿಗೆಗೆ ಎಂಜಿನ್ ಇಲ್ಲ, ಗಾಲಿ ಇಲ್ಲ. ಅದರ ಶಕ್ತಿಯೆಲ್ಲ ಅಳತೆಯಲ್ಲಿದೆ, ಎಂಟು ಮೂಲೆಗಳಲ್ಲಿದೆ. ಮೂಲೆಯ ಉಕ್ಕಿನ ಗೂಡಿಗೆ ಕೊಂಡಿ ತೂರಿಸಿ ತಿರುಗಿಸಿದರೆ ಪೆಟ್ಟಿಗೆ ಲಾರಿಗೂ ರೈಲಿಗೂ ಕ್ರೇನಿಗೂ ಇನ್ನೊಂದು ಪೆಟ್ಟಿಗೆಗೂ ಭದ್ರವಾಗಿ ಕಚ್ಚಿಕೊಳ್ಳುತ್ತದೆ. ಇದನ್ನು ರೂಪಿಸಿದವನು ಮೆಕ್ಲೀನ್ ಬಳಿಯಿದ್ದ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್. 1963ರಲ್ಲಿ ಮೆಕ್ಲೀನ್‌ನ ಕಂಪನಿ ಇದರ ಪೇಟೆಂಟನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿತು. ಆಮೇಲೆ ದೇಶದೇಶಗಳ ಸಮಿತಿಗಳು ವರ್ಷಗಟ್ಟಲೆ ಕೂತು ಇಪ್ಪತ್ತು ಅಡಿ, ನಲವತ್ತು ಅಡಿ ಎಂಬ ಅಳತೆಗಳನ್ನು ಒಪ್ಪಿಕೊಂಡವು. ಈ ಒಪ್ಪಂದವೇ ನನ್ನ ಕಣ್ಣಿಗೆ ಇಪ್ಪತ್ತನೇ ಶತಮಾನದ ಅತಿ ದೊಡ್ಡ ವ್ಯಾಪಾರ ಒಪ್ಪಂದ. ಇದು ಬರಿಯ ಉತ್ಸಾಹದ ಮಾತಲ್ಲ. 22 ಕೈಗಾರಿಕಾ ದೇಶಗಳ ವ್ಯಾಪಾರವನ್ನು ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಇದು: ಎರಡು ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದ ಇಪ್ಪತ್ತು ವರ್ಷಗಳಲ್ಲಿ ಅವುಗಳ ವ್ಯಾಪಾರವನ್ನು ನೂರಕ್ಕೆ 45ರಷ್ಟು ಹೆಚ್ಚಿಸಿತು, ಕಂಟೈನರ್ ಅಷ್ಟೇ ವರ್ಷಗಳಲ್ಲಿ ಹೆಚ್ಚಿಸಿದ್ದು ನೂರಕ್ಕೆ 790.

1965ರಲ್ಲಿ ಬಂದರಿನ ಕಾರ್ಮಿಕನೊಬ್ಬ ಗಂಟೆಗೆ 1.7 ಟನ್ ಸರಕು ಸಾಗಿಸುತ್ತಿದ್ದ. ಐದೇ ವರ್ಷಗಳಲ್ಲಿ, 1970ರ ಹೊತ್ತಿಗೆ, ಅದು 30 ಟನ್ ಆಯಿತು. ಇದೇ ಸಂಖ್ಯೆಗೆ ಇನ್ನೊಂದು ಮುಖವಿದೆ. ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಧಕ್ಕೆಗಳಲ್ಲಿ 1963–64ರಲ್ಲಿ 14 ಲಕ್ಷ ದಿನಗಳ ಕೂಲಿ ಕೆಲಸವಿತ್ತು; ಹನ್ನೆರಡು ವರ್ಷಗಳ ಬಳಿಕ ಉಳಿದದ್ದು ಸುಮಾರು 1.27 ಲಕ್ಷ ದಿನ. ನೂರಕ್ಕೆ 91 ಭಾಗ ಕೆಲಸ ಹೋಯಿತು. ಲಂಡನ್ನಿನ ರಾಯಲ್ ಡಾಕ್ಸ್ 1981ರಲ್ಲಿ ಬಾಗಿಲು ಹಾಕಿತು. ತಂದೆಯಿಂದ ಮಗನಿಗೆ ಬಂದಿದ್ದ ಕೆಲಸ, ಅದರ ಸಂಘ, ಅದರ ಕೇರಿ, ಎಲ್ಲವೂ ಒಂದು ತಲೆಮಾರಿನೊಳಗೆ ಅಳಿದವು. ಅಗ್ಗದ ಸಾಗಣೆಯ ಲಾಭವನ್ನು ಇಡೀ ಜಗತ್ತು ಹಂಚಿಕೊಂಡಿತು, ಅದರ ಬೆಲೆಯನ್ನು ಕೆಲವೇ ಊರುಗಳು ತೆತ್ತವು. ಇದನ್ನು ಹೇಳದೆ ಆ 30 ಟನ್ನನ್ನು ಹೊಗಳುವುದು ಅನ್ಯಾಯ.

58 ಪೆಟ್ಟಿಗೆಗಳ ಹಡಗಿನಿಂದ ಈಗ ಎಲ್ಲಿಗೆ ಬಂದಿದ್ದೇವೆ? 2025ರ ಜೂನ್‌ನಲ್ಲಿ ಕೇರಳದ ವಿಳಿಂಜಂ ಬಂದರಿಗೆ ‘ಎಂಎಸ್‌ಸಿ ಐರಿನಾ’ ಬಂತು. ಉದ್ದ ಸುಮಾರು 400 ಮೀಟರ್, ಅಗಲ 61 ಮೀಟರ್. ಇಪ್ಪತ್ತು ಅಡಿಯ ಲೆಕ್ಕದಲ್ಲಿ 24,346 ಪೆಟ್ಟಿಗೆ ಹೊರಬಲ್ಲದು. ಅಷ್ಟನ್ನೂ ನೆಲಕ್ಕಿಳಿಸಿ ಒಂದರ ಹಿಂದೆ ಒಂದು ಇಟ್ಟರೆ 148 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನಲ್ಲಿ ಮೊದಲ ಪೆಟ್ಟಿಗೆ ಇಟ್ಟರೆ ಕೊನೆಯದು ಮೈಸೂರಿನಲ್ಲಿ. ಇದನ್ನೆಲ್ಲ ನಡೆಸಿಕೊಂಡು ಹೋಗುವ ಸಿಬ್ಬಂದಿ ಕೆಲವೇ ಹತ್ತಾರು ಜನ.

ಇನ್ನು ಇಡೀ ಭೂಮಿಯ ಲೆಕ್ಕ. 1970ರಲ್ಲಿ ಸಮುದ್ರದ ಮೇಲೆ ಸಾಗಿದ ಒಟ್ಟು ಸರಕು ಸುಮಾರು 260 ಕೋಟಿ ಟನ್. 2023ರಲ್ಲಿ 1,230 ಕೋಟಿ ಟನ್. ಕಂಟೈನರ್ ಮಾತ್ರವಲ್ಲ, ತೈಲ, ಕಲ್ಲಿದ್ದಲು, ಅದಿರು, ಧಾನ್ಯ ಎಲ್ಲ ಸೇರಿದ ಮೊತ್ತವಿದು. ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ, ಇಂದು ಹುಟ್ಟಿದ ಕೂಸಿಗೂ ಸೇರಿ, ತಲೆಗೆ ವರ್ಷಕ್ಕೆ ಒಂದೂವರೆ ಟನ್. 1970ರಲ್ಲಿ ತಲೆಗೆ ಮುಕ್ಕಾಲು ಟನ್ನೂ ಇರಲಿಲ್ಲ.

ಇಷ್ಟು ದೊಡ್ಡ ಸಂಖ್ಯೆಗಳು ಮನಸ್ಸಿಗೆ ಹತ್ತುವುದಿಲ್ಲ. ಆದ್ದರಿಂದ ನಮ್ಮ ಕಾಫಿಯನ್ನೇ ತೆಗೆದುಕೊಳ್ಳೋಣ. ಹಾಯಿಹಡಗುಗಳ ಕಾಲದಲ್ಲಿ ಮಲೆನಾಡಿನ, ಕೊಡಗಿನ ಕಾಫಿ ಪಶ್ಚಿಮ ಕರಾವಳಿಯಿಂದ ಹೊರಟು, ಆಫ್ರಿಕದ ತುದಿಯನ್ನು ಬಳಸಿಕೊಂಡು ಯುರೋಪ್ ತಲುಪಲು ಕೆಲವೊಮ್ಮೆ ಆರು ತಿಂಗಳು ಹಿಡಿಯುತ್ತಿತ್ತು. ಕಡಲ ತೇವ ಕುಡಿದು ಬೀಜ ಊದಿಕೊಳ್ಳುತ್ತಿತ್ತು, ಹಸಿರು ಬಣ್ಣ ಹೋಗಿ ಹುಲ್ಲಿನ ಹಳದಿಗೆ ತಿರುಗುತ್ತಿತ್ತು, ಹುಳಿ ಇಳಿಯುತ್ತಿತ್ತು. ಅಲ್ಲಿನವರ ನಾಲಿಗೆ ಆ ರುಚಿಗೇ ಒಗ್ಗಿತು. 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಲಂಡನ್–ಮುಂಬೈ ದಾರಿ ಸುಮಾರು 20,000 ಕಿಲೋಮೀಟರ್‌ನಿಂದ 12,000ಕ್ಕೂ ಕೆಳಗಿಳಿಯಿತು. ಉಗಿಹಡಗಿನಲ್ಲಿ ಬೀಜ ಹಸಿರಾಗಿಯೇ ತಲುಪತೊಡಗಿದಾಗ ಕೊಳ್ಳುವವರಿಗೆ ಅದು ರುಚಿಸಲಿಲ್ಲ. ಹಾಗಾಗಿ ಮಳೆಗಾಲದಲ್ಲಿ ಮಂಗಳೂರಿನ ಗೋದಾಮುಗಳಲ್ಲಿ ಬೀಜವನ್ನು ಹರವಿ, ಕೆದಕಿ, ಮುಂಗಾರಿನ ಗಾಳಿ ಕುಡಿಸುವ ಪದ್ಧತಿ ಬಂತು. ‘ಮಾನ್ಸೂನ್ಡ್ ಮಲಬಾರ್’ ಇಂದಿಗೂ ಹಾಗೆಯೇ ತಯಾರಾಗುತ್ತದೆ. ದೂರವೇ ಕೊಡುತ್ತಿದ್ದ ರುಚಿಯನ್ನು, ದೂರ ಕರಗಿದ ಮೇಲೆ, ಕೈಯಿಂದ ಕೊಡಬೇಕಾಯಿತು.

ಈಗಿನ ಲೆಕ್ಕ ನೋಡಿ. ಇಪ್ಪತ್ತು ಅಡಿಯ ಕಂಟೈನರಿಗೆ 60 ಕಿಲೋದ 320 ಚೀಲ, ಅಂದರೆ 19,200 ಕಿಲೋ ಕಾಫಿ ಬೀಜ ಹಿಡಿಯುತ್ತದೆ. ಹುರಿದಾಗ ಆರರಲ್ಲೊಂದು ಭಾಗ ತೂಕ ಹೋದರೆ 16,000 ಕಿಲೋ. ಇಟಲಿಯ ಕಪ್ಪೊಂದಕ್ಕೆ 7 ಗ್ರಾಂ ಪುಡಿ ಎಂದರೆ 22 ಲಕ್ಷಕ್ಕೂ ಹೆಚ್ಚು ಕಪ್. ಹಡಗಿನ ಬಾಡಿಗೆ ಪೆಟ್ಟಿಗೆಗೆ ಎರಡು ಲಕ್ಷ ರೂಪಾಯಿ ಎಂದು ಹಿಡಿದರೂ ಕಪ್ಪಿಗೆ ಬೀಳುವುದು ಒಂಬತ್ತು ಪೈಸೆ. 2021ರ ಸೆಪ್ಟೆಂಬರ್‌ನಲ್ಲಿ, ಕೊರೋನಾ ಹೊಡೆತಕ್ಕೆ ಬಾಡಿಗೆ ಮುಗಿಲು ಮುಟ್ಟಿದಾಗ, ನಲವತ್ತು ಅಡಿಯ ಪೆಟ್ಟಿಗೆಯ ಸರಾಸರಿ ದರ ಜಗತ್ತಿನ ಮುಖ್ಯ ಮಾರ್ಗಗಳಲ್ಲಿ 10,000 ಡಾಲರ್ ದಾಟಿತ್ತು. ಅಷ್ಟು ದುಡ್ಡನ್ನು ಈ ಚಿಕ್ಕ ಪೆಟ್ಟಿಗೆಗೇ ಹಾಕಿದರೂ ಕಪ್ಪಿಗೆ 35 ಪೈಸೆ ಮುಟ್ಟುವುದಿಲ್ಲ. ಇನ್ನೊಂದು ಮಾತು: ಕರ್ನಾಟಕದ ಇಡೀ ವರ್ಷದ ಕಾಫಿ, ಸುಮಾರು ಎರಡೂವರೆ ಲಕ್ಷ ಟನ್, ತುಂಬಲು 13,000 ಪೆಟ್ಟಿಗೆ ಸಾಕು. ಐರಿನಾದಂಥ ಒಂದೇ ಹಡಗು, ಅದರ ತೂಕದ ಮಿತಿ ನೋಡಿಕೊಂಡರೂ, ಬಹುಪಾಲನ್ನು ಒಯ್ಯಬಲ್ಲದು.

ಹೀಗೆ ವಸ್ತುವಿನ ಬೆಲೆಯೊಳಗಿಂದ ದೂರ ಹೊರಬಿತ್ತು. ದೂರ ಹೊರಬಿದ್ದಾಗ ಬೆಲೆಯಲ್ಲಿ ಎದ್ದು ಕಾಣುವುದು ಕೂಲಿ. ಅಂಗಿಯನ್ನು ಎಲ್ಲಿ ಹೊಲಿದರೂ ಸಾಗಿಸುವ ಖರ್ಚು ಹೆಚ್ಚುಕಡಿಮೆ ಒಂದೇ ಎಂದಾದರೆ, ಕೂಲಿ ಕಡಿಮೆ ಇರುವಲ್ಲಿ ಹೊಲಿಸುತ್ತಾರೆ. ಸಮುದ್ರದಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ 1981ರಲ್ಲೇ ದೇಶದ ಮೊದಲ ಒಳನಾಡು ಕಂಟೈನರ್ ಡಿಪೋ ಬಂತು. ಕಸ್ಟಮ್ಸ್ ಮುದ್ರೆ ಇಲ್ಲೇ ಬಿದ್ದು ಪೆಟ್ಟಿಗೆ ನೇರ ಹಡಗಿಗೆ ಹೋಗುವಂತಾಯಿತು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಢಾಕಾದ, ವಿಯೆಟ್ನಾಂನ ಹೆಣ್ಣುಮಕ್ಕಳೊಂದಿಗೆ ಸ್ಪರ್ಧೆಗೆ ಬಿದ್ದದ್ದು ಈ ಉಕ್ಕಿನ ಪೆಟ್ಟಿಗೆಯಿಂದ. ಅವರಿಗೆ ಕೆಲಸ ಸಿಕ್ಕಿದ್ದು ಅದರಿಂದಲೇ, ಕೂಲಿ ಏರದಿರುವುದಕ್ಕೆ ಒಂದು ಕಾರಣವೂ ಅದೇ.

2021ರ ಮಾರ್ಚ್ 23ರಂದು ‘ಎವರ್ ಗಿವನ್’ ಸೂಯೆಜ್‌ನಲ್ಲಿ ಅಡ್ಡಲಾಗಿ ಸಿಕ್ಕಿಹಾಕಿಕೊಂಡು ಆರು ದಿನ ದಾರಿ ಕಟ್ಟಿದಾಗ ಜಗತ್ತಿಗೆ ಹಡಗುಗಳಿವೆ ಎಂಬ ನೆನಪಾಯಿತು. ಹಡಗಿನೊಳಗಿನ ಜನರ ನೆನಪು ಆಗಲೂ ಹೆಚ್ಚಾಗಿ ಆಗಲಿಲ್ಲ. ಈ 1,230 ಕೋಟಿ ಟನ್ನನ್ನು ಸಾಗಿಸುವ ನಾವಿಕರು ಪ್ರಪಂಚದಲ್ಲಿರುವುದು ಸುಮಾರು 19 ಲಕ್ಷ, ಅಂದರೆ ಭೂಮಿಯ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಒಬ್ಬರು. ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳಲ್ಲಿ ಭಾರತವೂ ಒಂದು. 2020ರ ಕೊನೆಯಲ್ಲಿ, ಬಂದರುಗಳು ಸರಕನ್ನು ಮಾತ್ರ ಇಳಿಸಿಕೊಂಡು ಮನುಷ್ಯರನ್ನು ಇಳಿಸಿಕೊಳ್ಳದಿದ್ದಾಗ, ಅವಧಿ ಮುಗಿದರೂ ಮನೆಗೆ ಮರಳಲಾರದೆ ಸುಮಾರು ನಾಲ್ಕು ಲಕ್ಷ ನಾವಿಕರು ಹಡಗುಗಳಲ್ಲೇ ಉಳಿದರು. ಪೆಟ್ಟಿಗೆಯ ಬಾಡಿಗೆಯನ್ನು ವಾರವಾರವೂ ಲೆಕ್ಕವಿಡುವ ಜಗತ್ತಿನಲ್ಲಿ ಸರ್ಕಾರಗಳು ಈ ಜನ ನೀರಿನ ಮೇಲೆ ಕಳೆಯುವ ತಿಂಗಳುಗಳನ್ನೂ ಲೆಕ್ಕವಿಡಬೇಕು, ಮುಂದಿನ ಸಂಕಟದಲ್ಲಿ ಮೊದಲು ಅವರಿಗೆ ಬಂದರಿನ ಬಾಗಿಲು ತೆರೆಯಬೇಕು.