ಎದೆನೋವು: ಮೊದಲು ಇಸಿಜಿ, ಆಮೇಲೆ ಉಳಿದದ್ದು

ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು, ಎಡಗೈಗೋ ದವಡೆಗೋ ಹರಡುವ ನೋವು. ಇದನ್ನು 'ಗ್ಯಾಸ್' ಎಂದುಕೊಂಡು ಜೀರಿಗೆ ನೀರೋ ಸೋಡಾವೋ ಕುಡಿಸಿ ಬೆಳಗಾಗಲೆಂದು ಕಾಯುವ ಮನೆಗಳು ಇನ್ನೂ ಇವೆ. ಸಕ್ಕರೆ ಕಾಯಿಲೆಯವರಲ್ಲಿ, ಮಹಿಳೆಯರಲ್ಲಿ ನೋವಿಲ್ಲದೆ ಬರೀ ಉಬ್ಬಸ, ಸುಸ್ತು ಮಾತ್ರ ಕಾಣಿಸಬಹುದು.

ಹೃದಯದ ರಕ್ತನಾಳ ಮುಚ್ಚಿಕೊಂಡರೆ ಮೊದಲ ಒಂದು ಗಂಟೆಯೇ ಅಮೂಲ್ಯ. ಸಣ್ಣ ಊರುಗಳಲ್ಲಿ ಇಸಿಜಿ ತೆಗೆದರೂ ಅದನ್ನು ಓದುವ ಹೃದಯ ತಜ್ಞರು ಸಿಗುತ್ತಿರಲಿಲ್ಲ. ಈ ಕೊರತೆಯನ್ನು ಈಗ ಮೊಬೈಲ್ ನೀಗಿಸುತ್ತಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ವರದಿಗಳಿಗೆ ತಜ್ಞರ ಸಲಹೆ ಸಿಗುವಂತೆ ಮಾಡಿದರು. 2023ರಲ್ಲಿ ರಾಜ್ಯ ಸರ್ಕಾರ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ತಂದಿತು. ಇದರಡಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದಿಂದಲೇ ಕೆಲವೇ ನಿಮಿಷಗಳಲ್ಲಿ ಪರಿಶೀಲಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲಿಯೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಊರು ಯಾವುದಾದರೂ ಚಿಕಿತ್ಸೆಯ ಕ್ರಮ ಒಂದೇ.

ಆದರೆ ರೋಗಿ ಆಸ್ಪತ್ರೆಗೇ ತಲುಪದಿದ್ದರೆ ಯಾವ ಆ್ಯಪ್ ತಾನೇ ಏನು ಮಾಡೀತು? ಕೋಟೆಯಲ್ಲಿರಲಿ, ಭದ್ರಾವತಿಯಲ್ಲಿರಲಿ, ಮನೆಯವರು ಮಾಡಬೇಕಾದದ್ದು ಇಷ್ಟು:

• ತಕ್ಷಣ 108ಕ್ಕೆ ಕರೆ ಮಾಡಿ.
• ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ.
• ಹಿರಿಯರ ಔಷಧಿ ಚೀಟಿಯ ಫೋಟೊ ಮೊದಲೇ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.
• ಇತ್ತೀಚಿನ ಶಸ್ತ್ರಚಿಕಿತ್ಸೆ, ಪಾರ್ಶ್ವವಾಯು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮರೆಯದೆ ತಿಳಿಸಿ. ಗಡ್ಡೆ ಕರಗಿಸುವ ಇಂಜೆಕ್ಷನ್‌ನಿಂದ ಇಂಥವರಿಗೆ ರಕ್ತಸ್ರಾವವಾಗಬಹುದು.

ಹೃದಯಕ್ಕೆ ಬಲ ಕೊಡಲೆಂದು ನಾವು ಯುನಾನಿ ವೈದ್ಯರು ಖಮೀರಾ ಕೊಡುವುದುಂಟು. ಅದು ಈ ಹೊತ್ತಿನ ಔಷಧಿಯಲ್ಲ. ಇಂಥ ವೇಳೆ ನಮ್ಮ ದವಾಖಾನೆಗೂ ಬರಬೇಡಿ, ನೇರವಾಗಿ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.