ತೊಪ್ಪೂರು ಘಟ್ಟ: ನ್ಯೂಟ್ರಲ್ ಉಳಿತಾಯವೆಂಬ ಭ್ರಮೆ

ಪಾಲಕೋಡಿನಿಂದ ಧರ್ಮಪುರಿಯ ಮಾರ್ಗವಾಗಿ ಸೇಲಂ ಕಡೆಗೆ ಹೋಗುವವರು ತೊಪ್ಪೂರು ಘಟ್ಟವನ್ನು ಇಳಿಯಬೇಕು. ಇಂಧನ ಉಳಿಯುವುದೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತರುವ ಅಭ್ಯಾಸ ನಮ್ಮಲ್ಲಿ ಅನೇಕರಿಗುಂಟು. ಕಾರ್ಬುರೇಟರ್ ಕಾಲದ ಈ ಲೆಕ್ಕ ಇಂದಿನ ಕಾರಿಗೆ ಒಪ್ಪುವುದಿಲ್ಲ. ಈಗ ಇಂಧನವನ್ನು ಅಳೆದು ಕೊಡುವುದು ಕಾರಿನೊಳಗಿನ ಗಣಕ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಗಣಕವು ಇಂಧನವನ್ನು ತಡೆಹಿಡಿಯುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಿರಲು ಇಂಧನ ಉರಿಯಲೇಬೇಕು.

ಅದಕ್ಕಿಂತ ಮಿಗಿಲಾದುದು ಪ್ರಾಣದ ಪ್ರಶ್ನೆ. ನ್ಯೂಟ್ರಲಿನಲ್ಲಿ ಎಂಜಿನ್ನಿನ ತಡೆ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅತಿಯಾಗಿ ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಎ.ಬಿ.ಎಸ್. ವ್ಯವಸ್ಥೆಯು ಚಕ್ರಗಳು ಕಚ್ಚಿ ನಿಲ್ಲದಂತೆ ಕಾಯುವುದೇ ಹೊರತು, ಕಾದ ಬ್ರೇಕಿಗೆ ಬಲ ತುಂಬಲಾರದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿರುವ ವೇಗದ ಎಚ್ಚರಿಕೆ ಗಂಟೆಗೆ 80 ಕಿ.ಮೀ. ಮೀರಿದ ಮೇಲಷ್ಟೇ ಸದ್ದು ಮಾಡುತ್ತದೆ. ಘಟ್ಟದ ತಿರುವಿಗೆ ಅದು ತೀರ ತಡ.

ಈ ಸಾಧನಗಳೆಲ್ಲ ಇದ್ದರೂ ಹೊಣೆ ಚಾಲಕನದೇ. 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಅಪಾಯಕಾರಿ ಚಾಲನೆಗೆ ದಂಡಿಸುವುದು ಚಾಲಕನನ್ನು, ಯಂತ್ರವನ್ನಲ್ಲ. ಆದಕಾರಣ ವಾಚಕರು ಘಟ್ಟ ಇಳಿಯತೊಡಗುವ ಮುನ್ನವೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ಬಂದು, ಗೇರಿನಲ್ಲಿಯೇ ಇಳಿಯತಕ್ಕದ್ದು. ಇಂಧನವೂ ಉಳಿಯುವುದು, ಜೀವವೂ ಉಳಿಯುವುದು.